ಲ್ಯಾಗ್ ಇಲ್ಲದ ಭಾನುವಾರ

ಭಾನುವಾರ ಬೆಳಿಗ್ಗೆ ಅವನು ಮೇಜಿನ ಮುಂದೆ ಕೂತು ಟ್ಯಾಬ್ಲೆಟ್ ಒರೆಸುತ್ತಿದ್ದ. ಅಂಗಡಿಯಿಂದ ತಂದ, ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ. ಮೊದಲು ಬಾಯಿಯಿಂದ ಹಬೆ ಬಿಡುವುದು, ಮೂಲೆಯಿಂದ ಸುತ್ತಿ ಸುತ್ತಿ ನಡುವಿಗೆ ಬರುವುದು, ಬೆಳಕಿಗೆ ಓರೆಯಾಗಿ ಹಿಡಿದು ನೋಡುವುದು, ಮತ್ತೆ ಹಬೆ ಬಿಡುವುದು. ಮನೆಯಲ್ಲಿ ಮಾತಾಡಲು ಬೇರೆ ಯಾರೂ ಇರಲಿಲ್ಲ. ಇದ್ದಾಗಲೂ ಅವನು ಈ ಕೆಲಸವನ್ನು ಮಾತಿಲ್ಲದೆಯೇ ಮಾಡುತ್ತಿದ್ದ. ಗಾಜು ಫಳಫಳ ಹೊಳೆಯಿತು. ಅದರಲ್ಲಿ ಅವನ ಮುಖ ಕಂಡಿತು. ಅದನ್ನೂ ಒರೆಸಿ ನೋಡಿದ, ಹೋಗಲಿಲ್ಲ.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವನ ಕೆಲಸ. ಅಂಗಡಿಯವರೂ ಕಟ್ಟಡದವರೂ ಅವನನ್ನು ಸಾವಕಾಶಪ್ಪ ಎನ್ನುತ್ತಿದ್ದರು. ಆ ಹೆಸರು ಇಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ, ತಪ್ಪಾಗಿ ಇಟ್ಟಿದ್ದಾರೆ ಎಂದು ಯಾರೂ ಹೇಳಿದ್ದೂ ಇಲ್ಲ. ಯಾರಾದರೂ ತಮಾಷೆ ಹೇಳಿದರೆ ಎಲ್ಲರೂ ನಕ್ಕು ಮುಗಿಸಿ ಬೇರೆ ಮಾತಿಗೆ ಹೋದ ಮೇಲೆ ಅವನು ನಗುತ್ತಿದ್ದ. ಅಷ್ಟರಲ್ಲಿ ಮಾತು ಯಾರದೋ ಸಾವಿನ ಕಡೆ ತಿರುಗಿದ್ದರೆ ಕಷ್ಟವಾಗುತ್ತಿತ್ತು.

ಹೆಂಡತಿ ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವ ಹೋಗುವ ಹೊತ್ತನ್ನು ಮೈಕಿನಲ್ಲಿ ಹೇಳುವವಳು. ದಿನವಿಡೀ ತಡವಾದ ಗಾಡಿಗಳ ಪರವಾಗಿ ಜನರಲ್ಲಿ ಕ್ಷಮೆ ಕೇಳಿ ಸುಸ್ತಾಗಿ ಮನೆಗೆ ಬಂದರೆ, ಅಲ್ಲಿ ಗಂಡ. ಒಮ್ಮೆ ಅವಳ ತಾಯಿಯನ್ನು ಆಸ್ಪತ್ರೆಯಿಂದ ಕರೆತರಲು ಹೋದವನು ಅಲ್ಲಿ ತಲುಪುವ ಹೊತ್ತಿಗೆ ಅತ್ತೆ ತಾವೇ ನಡೆದು ಮನೆ ಸೇರಿ, ಅಡುಗೆ ಮಾಡಿ, ಉಂಡು, ಮಲಗಿದ್ದರು. ಅದಾದ ಮೇಲೆ ಹೆಂಡತಿ ಜಗಳವನ್ನೇನೂ ಆಡಲಿಲ್ಲ. "ಸ್ಟೇಷನ್ನಲ್ಲಾದ್ರೆ ಸಾರಿ ಕೇಳೋದಕ್ಕೆ ಸಂಬಳ ಕೊಡ್ತಾರೆ" ಎಂದಳು. ಅಕ್ಕ ಇರುವ ಊರಿಗೆ ವರ್ಗ ಮಾಡಿಸಿಕೊಂಡು ಹೋದಳು. ಹೋಗುವಾಗ, "ಫೋನ್ ಮಾಡ್ಬೇಡಿ. ನಿಮ್ಮ ಹ್ಞೂಂಗೆ ಕಾಯ್ತಾ ನನ್ನ ಕಿವಿ ಬಿಸಿಯಾಗುತ್ತೆ" ಎಂದಳು. ಮಾಡಿದರೂ ಎತ್ತುತ್ತಿರಲಿಲ್ಲ.

ಆದರೆ ಅವಳಿಗೆ ಶುರು ಮಾಡಿದ್ದನ್ನು ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ಅವರಿಬ್ಬರೂ ಮದುವೆಯಾದ ಹೊಸದರಲ್ಲಿ ಶುರು ಮಾಡಿದ ಒಂದು ವಿಡಿಯೋ ಗೇಮ್ ಉಳಿದುಹೋಗಿತ್ತು. ಇಬ್ಬರು ಪರ್ವತ ಹತ್ತುವವರು, ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಒಬ್ಬ ಮೊದಲು ಹಾರಿದರೆ ಇನ್ನೊಬ್ಬನ ಭಾರಕ್ಕೆ ಇಬ್ಬರೂ ಬೀಳುತ್ತಾರೆ. ಆ ಆಟ ಮಾಡಿದವರು ಮದುವೆಯಾಗದ ಹುಡುಗರೇ ಇರಬೇಕು, ಆದರೂ ಸರಿಯಾಗಿ ಮಾಡಿದ್ದರು. ಎಲ್ಲ ದಾಟಿ, ಶಿಖರಕ್ಕೆ ಮುಂಚಿನ ಕಡೆಯ ಕಣಿವೆಯ ಅಂಚಿನಲ್ಲಿ ಅವರು ನಿಂತಿದ್ದಾಗ ಅವಳು ಹೊರಟುಹೋದಳು. ಒಂದು ವಾರದ ನಂತರ ಮೆಸೇಜ್ ಬಂತು: "ಭಾನುವಾರ ಸಂಜೆ ಬನ್ನಿ. ಮುಗಿಸೋಣ."

ಅಂದಿನಿಂದ ಪ್ರತಿ ಭಾನುವಾರ ಸಂಜೆ ಇಬ್ಬರೂ ಜೊತೆಯಾಗಿ ಆ ಕಣಿವೆಗೆ ಬೀಳುತ್ತಿದ್ದರು.

ತಪ್ಪು ಯಾರದೆಂದರೆ, ಇಷ್ಟೇ. ಕೈಯಲ್ಲಿ ಹಿಡಿದು ಆಡುವ ಕನ್ಸೋಲ್ ಅವಳ ಅಕ್ಕ ಕೊಟ್ಟ ಉಡುಗೊರೆ, ಅದು ಅವಳ ಜೊತೆ ಹೋಯಿತು. ಅದರೊಳಗೆ ಆಟವೇ ಇತ್ತು. ಅವನಿಗೆ ಉಳಿದದ್ದು ಟ್ಯಾಬ್ಲೆಟ್. ಅದರೊಳಗೆ ಆಟ ಇರಲಿಲ್ಲ. ಆಟ ಎಲ್ಲೋ ದೂರದ ಕಂಪನಿಯ ಕಂಪ್ಯೂಟರಿನಲ್ಲಿ ನಡೆದು, ಅದರ ಚಿತ್ರ ಮಾತ್ರ ಇಂಟರ್ನೆಟ್ಟಿನಲ್ಲಿ ಇವನ ತನಕ ಹರಿದು ಬರುತ್ತಿತ್ತು. ಇವನು ಗಾಜು ಒತ್ತಿದರೆ ಆ ಒತ್ತು ಅಲ್ಲಿಗೆ ಹೋಗಿ, ಬಾಗಿಲು ತಟ್ಟಿ, ಒಳಗಿನವರು ಎದ್ದು ಬಂದು ಕೇಳಿದ ಮೇಲೆ ಹತ್ತುವವನು ಹಾರುತ್ತಿದ್ದ. ಅವಳು "ಒಂದು, ಎರಡು, ಮೂರು" ಎನ್ನುತ್ತಿದ್ದಳು, ಆಟದೊಳಗಿನ ಮೈಕಿನಲ್ಲಿ, ನಿಲ್ದಾಣದ ಸ್ವರದಲ್ಲಿ. ಅವಳು ಮೂರಕ್ಕೆ ಹಾರಿದರೆ ಇವನು ನಾಲ್ಕಕ್ಕೆ. ಒಮ್ಮೊಮ್ಮೆ ಐದಕ್ಕೆ. ಅದನ್ನು ಲೆಕ್ಕ ಹಾಕಿ ಎರಡಕ್ಕೇ ಒತ್ತಿದರೆ ಅವತ್ತು ಲೈನ್ ಚೆನ್ನಾಗಿದ್ದು, ಇವನೊಬ್ಬನೇ ಮೊದಲು ಹಾರಿ ಅವಳನ್ನು ಎಳೆದುಕೊಂಡು ಹೋಗುತ್ತಿದ್ದ. ತಡವೂ ಒಂದೇ ಸಮ ಇದ್ದರೆ ಅದರ ಜೊತೆ ಸಂಸಾರ ಮಾಡಬಹುದು.

"ಲ್ಯಾಗ್ ಆಗ್ತಿದೆ," ಎನ್ನುತ್ತಿದ್ದ ಅವನು.

"ಹೌದಾ," ಎನ್ನುತ್ತಿದ್ದಳು ಅವಳು.

ಕಳೆದ ಭಾನುವಾರ ಬಿದ್ದಾಗ ಮಾತ್ರ, "ಒಂದು ಸಲನಾದ್ರೂ ನನ್ನ ಜೊತೆ ಹಾರ್ತೀರೋ ಇಲ್ವೋ" ಎಂದು, ನಗುವೋ ನಿಟ್ಟುಸಿರೋ ತಿಳಿಯದ ಹಾಗೆ, ಉಸಿರು ಬಿಟ್ಟಿದ್ದಳು. ಆ ಉಸಿರನ್ನು ಅವನು ವಾರವಿಡೀ ಗಾಜಿನ ಹಾಗೆ ಉಜ್ಜಿದ. ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ತಡ ಅಂತ ಬಿಟ್ಟು ಹೋದವಳು, ಸರಿಯಾದ ಹೊತ್ತಿಗೆ ಹಾರಿದರೆ ಯಾಕೆ ಬರಬಾರದು? ಇವತ್ತು ಕಣಿವೆ ದಾಟಬೇಕು. ಶಿಖರದ ಮೇಲೆ ನಿಂತು "ಮನೆಗೆ ಬಾ" ಎನ್ನಬೇಕು. ಎರಡೇ ಪದ. ಅಂಗಡಿಯ ಕನ್ನಡಿಗಳ ಮುಂದೆ ಅಭ್ಯಾಸವನ್ನೂ ಮಾಡಿದ್ದ.

ಭಾನುವಾರವೂ ಅಂಗಡಿ ಮಧ್ಯಾಹ್ನದವರೆಗೆ ತೆರೆದಿರುತ್ತಿತ್ತು. ಅವನು ಮಾಡಿದ ಮೊದಲ ತಪ್ಪು, ಟ್ಯಾಬ್ಲೆಟ್ ಚೀಲದಲ್ಲಿ ಹಾಕಿಕೊಂಡು ಹೋಗಿದ್ದು. ಎರಡನೆಯದು, ಅದನ್ನು ಕ್ಯಾಷಿಯರ್ ಹುಡುಗಿಗೆ ತೋರಿಸಿ, "ಇದರಲ್ಲಿ ಲ್ಯಾಗ್ ಕಡಿಮೆ ಆಗೋಕೆ ಏನ್ಮಾಡ್ಬೇಕು" ಎಂದು ಕೇಳಿದ್ದು.

ಹುಡುಗಿಯ ಹತ್ತಿರವೂ ಕೈಯಲ್ಲಿ ಹಿಡಿದು ಆಡುವ ಒಂದು ಕೈಗೇಮು ಇತ್ತು. ಗಿರಾಕಿ ಇಲ್ಲದಾಗ ಗಲ್ಲಾಪೆಟ್ಟಿಗೆಯ ಕೆಳಗೆ ಅದನ್ನು ಹಿಡಿದು ಆಡುತ್ತಿದ್ದಳು. ಟ್ಯಾಬ್ಲೆಟ್ಟನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿದಳು.

"ಇದರಲ್ಲಿ ಆಡ್ತೀರಾ? ಅಣ್ಣಾ, ಇದು ಗಾಜು. ಬೆರಳಿಗೆ ಗುಂಡಿ ಸಿಗ್ಬೇಕು. ಕೈಗವಸು ಹಾಕ್ಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ ಆಯ್ತು ನಿಮ್ಮ ಕಥೆ."

ಕಣ್ಣು ಪರೀಕ್ಷೆಯ ಮೇಡಂ ಒಳಗಿನಿಂದಲೇ ಕೇಳಿಸಿಕೊಂಡು ಬಂದರು. "ಅವಳ ಮಾತು ಕೇಳ್ಬೇಡಿ. ಟ್ಯಾಬ್ಲೆಟ್ಟೇ ಒಳ್ಳೇದು. ಅಗಲ ಇದೆ, ಕಣ್ಣಿಗೆ ಆರಾಮ. ಆ ಚಿಕ್ಕ ಡಬ್ಬೀನ ಕಣ್ಣು ಕಿರಿದು ಮಾಡ್ಕೊಂಡು ನೋಡಿ ನೋಡಿ ಅವಳಿಗೆ ನಂಬರ್ ಏರಿದೆ."

"ಏರಲಿ ಬಿಡಿ ಮೇಡಂ. ಊರಲ್ಲಿ ಎಲ್ಲರಿಗೂ ಏರಿದ್ರೆ ತಾನೇ ನಿಮಗೂ ನನಗೂ ಕೆಲಸ."

"ಅಗಲ ಇದ್ರೆ ಶತ್ರು ಬರೋದು ಮೊದಲೇ ಕಾಣುತ್ತೆ."

"ಕಂಡು ಏನ್ಮಾಡೋದು, ಬೆರಳೇ ಅಡ್ಡ ಇರುತ್ತಲ್ಲ. ಟ್ಯಾಬ್ಲೆಟ್ಟಲ್ಲಿ ಆಡೋರು ಅರ್ಧ ಆಟಾನ ತಮ್ಮ ಹೆಬ್ಬೆರಳಿನ ಕೆಳಗೇ ಮುಚ್ಚಿಟ್ಕೊಂಡಿರ್ತಾರೆ."

ಅವನ ಆಟದಲ್ಲಿ ಶತ್ರು ಯಾರೂ ಇರಲಿಲ್ಲ, ಹೆಂಡತಿ ಮಾತ್ರ. ಅದನ್ನು ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಮಾತು ಕುತ್ತಿಗೆ ನೋವಿಗೆ ಹೋಗಿತ್ತು. ಕನ್ನಡಕಕ್ಕೆ ಕಾದು ಕೂತಿದ್ದ ನಿವೃತ್ತ ಮೇಷ್ಟರೊಬ್ಬರು, ತಮ್ಮ ಕಾಲದಲ್ಲಿ ಕವಡೆ ಇತ್ತು, ಅದರಲ್ಲಿ ಲ್ಯಾಗ್ ಇರಲಿಲ್ಲ ಎಂದರು. ಮೂವರ ವಾದವನ್ನು ಕೇಳುತ್ತ, ಸಂಜೆಯ ಎರಡು ಪದಗಳನ್ನು ನೆನೆಯುತ್ತ ಅವನು ಮೇಷ್ಟರ ಚೌಕಟ್ಟಿಗೆ ಬೇರೆ ಯಾರದೋ ಗಾಜು ಕೂರಿಸಿಬಿಟ್ಟ. ಮೇಷ್ಟರು ಅದನ್ನು ಹಾಕಿಕೊಂಡು ಗಂಭೀರವಾಗಿ ಎದ್ದು, ಎದುರಿನ ದೊಡ್ಡ ಕನ್ನಡಿಯ ಹತ್ತಿರ ಹೋಗಿ, "ಸ್ವಲ್ಪ ದಾರಿ ಬಿಡ್ತೀರಾ" ಎಂದರು. ಕನ್ನಡಿಯಲ್ಲಿದ್ದವರು ಬಿಡಲಿಲ್ಲ. ಮೇಷ್ಟರ ಹಣೆಯಲ್ಲಿ ಬುಗುಟೆ ಎದ್ದಿತು.

ಮಾಲೀಕರು ಬೈಯಲಿಲ್ಲ. ಬೈದಿದ್ದರೆ ಬೇಗ ಮುಗಿಯುತ್ತಿತ್ತು. ಹೊಸ ಗಾಜು ಉಜ್ಜಿ ಕೊಟ್ಟೇ ಹೋಗಬೇಕು ಎಂದರು. ಎಲ್ಲರೂ ಹೋದ ಮೇಲೆ ಅವನೊಬ್ಬನೇ ಯಂತ್ರದ ಮುಂದೆ ಕೂತ. ಹೊರಡುವಾಗ ಕ್ಯಾಷಿಯರ್ ಹುಡುಗಿ ಏನೆನ್ನಿಸಿತೋ, ತನ್ನ ಕೈಗೇಮನ್ನು ಅವನ ಮುಂದಿಟ್ಟಳು.

"ಇವತ್ತೊಂದಿನ ಇಟ್ಕೊಳ್ಳಿ. ಕೂಸು ಇದ್ದ ಹಾಗೆ ನೋಡ್ಕೊಳ್ಳಿ. ಕೂಸನ್ನ ಹೇಗೆ ನೋಡ್ಕೋತಾರೆ ಗೊತ್ತು ತಾನೇ?"

ಅವನು ಯೋಚಿಸಿ "ಇಲ್ಲ" ಎನ್ನುವ ಹೊತ್ತಿಗೆ ಅವಳು ಬಸ್ಸು ಹತ್ತಿದ್ದಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡು, ಕೈಗೇಮಿನಲ್ಲಿ ತನ್ನ ಖಾತೆ ತೆರೆದ. ಆಟ ಇದರೊಳಗೂ ಇರಲಿಲ್ಲ, ದೂರದಿಂದ ಹರಿದೇ ಬಂತು. ಕಣಿವೆಯ ಅಂಚಿನಲ್ಲಿ ಅವನ ಹತ್ತುವವ ಒಬ್ಬನೇ ನಿಂತಿದ್ದ. ಗುಂಡಿ ಒತ್ತಿದ. ಗುಂಡಿ ಟಕ್ ಎಂದು ಒಳ್ಳೆಯ ಸದ್ದು ಮಾಡಿತು. ಹತ್ತುವವನು ಅದನ್ನು ಕೇಳಿಸಿಕೊಂಡು, ಅತ್ತಿತ್ತ ನೋಡಿ, ಬೇರೆ ದಾರಿ ಇಲ್ಲವೆಂದು ಖಚಿತಪಡಿಸಿಕೊಂಡು ಆಮೇಲೆ ಹಾರಿದ.

ಕ್ಯಾಷಿಯರಿಗೆ ಫೋನ್ ಮಾಡಿದ.

"ಹಾಗಾದ್ರೆ ನಿಮ್ಮ ಲೈನೇ ಸರಿ ಇಲ್ಲ," ಎಂದಳು ಅವಳು. "ಆಟ ಎಲ್ಲಿಂದಲೋ ಹರಿದು ಬರ್ತಿದ್ರೆ ಕೈಯಲ್ಲಿ ಏನಿದ್ರೇನು. ಕೊಳಾಯಿಗೆ ಬೆಳ್ಳಿ ಲೋಟ ಹಿಡಿದ್ರೆ ನೀರು ಜೋರಾಗಿ ಬರುತ್ತಾ? ಆದ್ರೂ ಟ್ಯಾಬ್ಲೆಟ್ ಕೆಟ್ಟದ್ದೇ."

ಕಟ್ಟಡಕ್ಕೆಲ್ಲ ಒಂದೇ ಇಂಟರ್ನೆಟ್ ಲೈನ್. ಅದರ ಪೆಟ್ಟಿಗೆ ಮೆಟ್ಟಿಲ ಕೆಳಗೆ ಕಬ್ಬಿಣದ ಜಾಲರಿಯೊಳಗೆ ಇತ್ತು. ಜಾಲರಿಯ ಬೀಗದ ಕೈ ಕೆಳಮನೆಯ ಕಂಡಕ್ಟರ್ ಮಾವನ ಉಡಿದಾರದಲ್ಲಿ ಇತ್ತು. ಮಾವ ಬಸ್ಸಿನ ಕೆಲಸದಿಂದ ನಿವೃತ್ತರಾಗಿ ವರ್ಷಗಳಾದರೂ ಬಸ್ಸು ಅವರಿಂದ ಇನ್ನೂ ಇಳಿದಿರಲಿಲ್ಲ. ಸಾವಕಾಶಪ್ಪ ಜಾಲರಿಯ ಸಂದಿಯಲ್ಲಿ ಬೆರಳು ತೂರಿಸಿ, ಪೆಟ್ಟಿಗೆಯನ್ನು ತನ್ನ ಮನೆಯ ಕಡೆ ಒಂದಿಷ್ಟು ತಿರುಗಿಸಲು ನೋಡುತ್ತಿದ್ದಾಗ ಹಿಂದಿನಿಂದ ಕೆಮ್ಮು ಕೇಳಿಸಿತು.

"ಏನಪ್ಪಾ ಸಾವಕಾಶಪ್ಪ, ಕೈ ಒಳಗೆ ಹೋಗಿದೆ?"

ಸುಳ್ಳು ಹೇಳಲು ಬೇಕಾದಷ್ಟು ವೇಗ ಅವನಲ್ಲಿ ಇರಲಿಲ್ಲ. ಇದ್ದದ್ದನ್ನೆಲ್ಲ ಹೇಳಿದ. ಆಟ, ಹಗ್ಗ, ಕಣಿವೆ, ಹೆಂಡತಿ. ಮಾವ ಕಣ್ಣು ಮುಚ್ಚಿ ಕೇಳಿದರು.

"ಓವರ್‌ಲೋಡು," ಎಂದರು. "ಗಾಡಿ ಒಂದು, ಹತ್ತಿರೋರು ಇಡೀ ಕಟ್ಟಡ. ಏರು ಹೇಗೆ ಹತ್ತುತ್ತೆ? ಜನ ಇಳಿಸ್ಬೇಕು. ನೀನು ಮೇಲೆ ಹೋಗಿ ಕೂತ್ಕೋ, ನಾನು ನೋಡ್ಕೋತೀನಿ."

"ಬೇಡ ಮಾವ, ಯಾರಿಗೂ ಹೇಳ್ಬೇಡಿ," ಎಂದ ಅವನು. ಅಷ್ಟರಲ್ಲಿ ಮಾವ ಮೊದಲ ಬಾಗಿಲು ಬಡಿದಾಗಿತ್ತು.

ಒಂದೊಂದು ಬಾಗಿಲಿಗೂ ಕಥೆ ಒಂದೊಂದು ಗೇಣು ಬೆಳೆಯಿತು. ಮೊದಲ ಬಾಗಿಲಲ್ಲಿ ಅವನು ಹೆಂಡತಿಯ ಜೊತೆ ಆಟ ಆಡುವವನಿದ್ದ. ಎರಡನೆಯದರಲ್ಲಿ, ಆಟ ಗೆದ್ದರೆ ಅವಳು ವಾಪಸ್ಸು ಬರುತ್ತೇನೆ ಎಂದಿದ್ದಳು. ಎದುರುಮನೆಯ ಬ್ಯೂಟಿ ಪಾರ್ಲರ್ ಅಕ್ಕನ ಬಾಗಿಲಿಗೆ ಬರುವಾಗ ಹೆಂಡತಿ ಪೆಟ್ಟಿಗೆ ಕಟ್ಟಿಕೊಂಡು ನಿಲ್ದಾಣದಲ್ಲಿ ಕೂತಿದ್ದಳು.

"ಪಾಪ, ಆದ್ರೆ ಇವತ್ತು ಆಗಲ್ಲ," ಎಂದರು ಪಾರ್ಲರ್ ಅಕ್ಕ. "ಸೀರಿಯಲ್ಲಲ್ಲಿ ಆ ಸೊಸೆಗೆ ಇವತ್ತು ನೆನಪು ವಾಪಸ್ ಬರುತ್ತೆ. ಎಷ್ಟು ವರ್ಷದಿಂದ ಕಾದಿದ್ದೀನಿ ಗೊತ್ತಾ?"

"ಅಷ್ಟು ವರ್ಷ ಮರೆತೋಳು ಇನ್ನರ್ಧ ಗಂಟೆ ಮರೆತಿರ್ಲಿ. ಇಲ್ಲಿ ನಿಜವಾದ ಸೊಸೆ ಬರೋಳಿದ್ದಾಳೆ," ಎಂದರು ಮಾವ.

ಮೇಲಿನ ಮನೆಯ ವ್ಯಾಯಾಮದ ಮೇಷ್ಟರು ವಿಡಿಯೋದಲ್ಲಿ ಪಾಠ ಮಾಡುತ್ತಿದ್ದರು. ವಿಷಯ ಕೇಳಿ ಕಣ್ಣು ಒದ್ದೆ ಮಾಡಿಕೊಂಡರು. ಪರದೆಯಲ್ಲಿ ಮೊಣಕೈ ಊರಿ ನೆಲಕ್ಕೆ ಸಮವಾಗಿ ನಿಂತಿದ್ದ ಹೆಂಗಸರಿಗೆ, "ಹಾಗೇ ಇರಿ, ಬಿಡಬೇಡಿ, ಈಗ ಬಂದೆ" ಎಂದು ಹೇಳಿ ಲೈನ್ ಕತ್ತರಿಸಿ ಹೊರಟುಬಂದರು.

ಆದರೆ ಲೈನ್ ಇಲ್ಲದ ಮನೆಯಲ್ಲಿ ಭಾನುವಾರ ಸಂಜೆ ಮಾಡುವುದೇನು? ಸ್ವಲ್ಪ ಹೊತ್ತಿಗೆ ಮಾವನೂ ಅಕ್ಕನೂ ಮೇಷ್ಟರೂ ಸಾವಕಾಶಪ್ಪನ ಕೋಣೆಯಲ್ಲಿ ಸಾಲಾಗಿ ಮಂಚದ ಮೇಲೆ ಕೂತಿದ್ದರು. ಅವನಿಗೆ ಕೂರಲು ನೆಲ ಉಳಿಯಿತು.

"ನಾವು ಇರೋದೇ ಗೊತ್ತಾಗಲ್ಲ," ಎಂದರು ಅಕ್ಕ, ಮಂಚ ಕಿರ್ರೆನ್ನುವಂತೆ ಸರಿದು ಕೂತು.

ಅವನು ಎರಡು ಪದಗಳನ್ನು ಮನಸ್ಸಿನಲ್ಲಿ ಹುಡುಕಿ ನೋಡಿದ. ಇಷ್ಟು ಜನರ ಮುಂದೆ ಅವು ಹೊರಗೆ ಬರಲು ನಾಚಿ ಒಳಗೊಳಗೇ ಸೇರಿಕೊಂಡಿದ್ದವು.

ಹೊತ್ತಿಗೆ ಸರಿಯಾಗಿ ಹೆಂಡತಿ ಬಂದಳು. ಅವಳ ಹತ್ತುವವಳು ಕೆಂಪು ಟೋಪಿ ಹಾಕಿಕೊಂಡು ಅವನ ಹತ್ತುವವನ ಪಕ್ಕದಲ್ಲಿ ನಿಂತಳು. ಹಗ್ಗ ತಾನಾಗಿ ಕಟ್ಟಿಕೊಂಡಿತು.

"ಬಂದ್ರಾ?" ಎಂದಳು.

"ಬಂದೆ."

"ಊಟ ಆಯ್ತಾ?"

ಅವನಿಗೆ ಊಟ ಮಾಡಿಲ್ಲವೆಂಬುದು ಆಗ ನೆನಪಾಯಿತು. "ಆಯ್ತು," ಎಂದ. ಮಂಚದ ಮೇಲೆ ಪಾರ್ಲರ್ ಅಕ್ಕ ಇಲ್ಲವೆಂದು ತಲೆ ಆಡಿಸಿದರು.

"ಇವತ್ತು ನಿಧಾನಕ್ಕೆ ಆಡೋಣ," ಎಂದಳು ಹೆಂಡತಿ. "ನನಗೇನೂ ಅವಸರ ಇಲ್ಲ. ಆಗ್ಲಿಲ್ಲ ಅಂದ್ರೆ ಮುಂದಿನ ವಾರ."

"ಇಲ್ಲ, ಇವತ್ತೇ."

"ಸರಿ. ಒಂದು, ಎರಡು..."

"ಉಸಿರು ಎಳ್ಕೊಳ್ಳಿ," ಎಂದರು ವ್ಯಾಯಾಮದ ಮೇಷ್ಟರು, ಅಭ್ಯಾಸಬಲದಿಂದ.

ಇಬ್ಬರೂ ಬಿದ್ದರು.

"ಯಾರದು?" ಎಂದಳು.

"ಟಿವಿ."

"ನಮ್ಮನೇಲಿ ಟಿವಿ ಇಲ್ವಲ್ಲ."

"ಪಕ್ಕದ ಮನೇದು."

ಅವಳು ನಮ್ಮನೆ ಎಂದದ್ದು ಮಂಚದ ಮೇಲಿದ್ದ ಮೂವರಿಗೂ ಕೇಳಿಸಿತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನಿಗೆ ಕೇಳಿಸಲಿಲ್ಲ. ಅವನು ಗುಂಡಿಯ ಮೇಲೆ ಹೆಬ್ಬೆರಳು ಸರಿಮಾಡಿಕೊಳ್ಳುತ್ತಿದ್ದ.

ಕೆಳಗೆ ಬಿದ್ದವರು ಮತ್ತೆ ಅಂಚಿಗೆ ಹತ್ತಿ ಬರುವಷ್ಟು ಹೊತ್ತು ಯಾವಾಗಲೂ ಮಾತಿನ ಹೊತ್ತು. ಅಷ್ಟರಲ್ಲಿ ಅವಳು ನಿಲ್ದಾಣದ ವಿಷಯ ಹೇಳುತ್ತಿದ್ದಳು, ಅವನು ಹ್ಞೂಂ ಎನ್ನುತ್ತಿದ್ದ. ಇವತ್ತೂ ಶುರು ಮಾಡಿದಳು. "ನಿಮಗೊಂದು ವಿಷಯ ಹೇಳ್ಬೇಕಿತ್ತು. ನಮ್ಮ ಆಫೀಸಲ್ಲಿ..."

"ಆಮೇಲೆ ಹೇಳು," ಎಂದ ಅವನು. "ಮೊದಲು ಹಾರೋಣ."

ಜೀವಮಾನದಲ್ಲಿ ಮೊದಲ ಸಲ ಅವನು ಅವಸರ ಮಾಡಿದ್ದ. ಮಾವ ಮೆಚ್ಚಿ ಅವನ ಬೆನ್ನು ತಟ್ಟಿದರು.

ಎರಡನೆಯ ಸಲವೂ ಬಿದ್ದರು. ಈ ಸಲ ಯಾರೂ ಉಸಿರೂ ಬಿಟ್ಟಿರಲಿಲ್ಲ. ಲ್ಯಾಗ್ ಮೊದಲಿಗಿಂತ ಕಡಿಮೆಯಾಗಿತ್ತು, ಆದರೂ ಎಳ್ಳಷ್ಟು ಉಳಿದಿತ್ತು. ಕಂಡಕ್ಟರ್ ಮಾವನ ಮೂಗು ಅರಳಿತು. ಟಿಕೆಟ್ ಇಲ್ಲದೆ ಯಾರೋ ಕೂತಿದ್ದಾರೆ ಎಂಬುದು ಅವರಿಗೆ ವಾಸನೆಯಿಂದಲೇ ತಿಳಿಯುತ್ತಿತ್ತು. ಸಾಲಿನಲ್ಲಿ ಎಲ್ಲರನ್ನೂ ನೋಡುತ್ತ ಬಂದು, ಪಾರ್ಲರ್ ಅಕ್ಕನ ಮುಂದೆ ಮಾತಿಲ್ಲದೆ ಕೈ ಚಾಚಿದರು. ಅಕ್ಕ ಚಾವಣಿ ನೋಡಿದರು. ಮಾವ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಅಕ್ಕ ದಿಂಬಿನಡಿಯಿಂದ ಫೋನ್ ತೆಗೆದುಕೊಟ್ಟರು. ಅದರಲ್ಲಿ ಸದ್ದು ಇಲ್ಲದ ಸೀರಿಯಲ್ಲಿನ ಸೊಸೆ, ಬಾಯಿ ತೆರೆದು, ಯಾರದೋ ಹೆಸರು ನೆನಪಿಸಿಕೊಳ್ಳುತ್ತಿದ್ದಳು. ಮಾವ ಅವಳನ್ನು ಆರಿಸಿದರು.

"ಒಂದು," ಎಂದಳು ಹೆಂಡತಿ.

ಅವಳ ಸ್ವರ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಕೇಳಿಸಿತು. ಅವಳು ಉಗುಳು ನುಂಗಿದ್ದೂ ಕೇಳಿತು.

"ಎರಡು."

ಗಾಳಿಗೆ ಕೆಂಪು ಟೋಪಿ ಅಲುಗಿತು.

"ಮೂರು."

ಟಕ್. ಇಬ್ಬರೂ ಒಟ್ಟಿಗೆ ನೆಲ ಬಿಟ್ಟರು. ನಡುವಿನ ಹಗ್ಗ ನೆಟ್ಟಗಾಗದೆ, ಸಡಿಲವೂ ಆಗದೆ, ಗಾಳಿಯಲ್ಲಿ ಒಂದೇ ಸಮನೆ ತೂಗಿತು. ಕೆಳಗೆ ಕಣಿವೆ ಹೋಗುತ್ತಲೇ ಇತ್ತು. ಇಬ್ಬರ ಕಾಲೂ ಆಚೆ ದಡವನ್ನು ಒಂದೇ ಸದ್ದಿನಲ್ಲಿ ಮುಟ್ಟಿದವು.

ವ್ಯಾಯಾಮದ ಮೇಷ್ಟರು ಪಾರ್ಲರ್ ಅಕ್ಕನ ಕೈ ಹಿಡಿದುಕೊಂಡು ಸದ್ದಿಲ್ಲದೆ ಕುಣಿದರು, ಆಮೇಲೆ ನಾಚಿ ಬಿಟ್ಟರು. ಪರದೆಯಲ್ಲಿ ಇಬ್ಬರು ಹತ್ತುವವರೂ ಉಳಿದ ನಾಲ್ಕು ಹೆಜ್ಜೆ ಹತ್ತಿ ಶಿಖರದ ಮೇಲೆ ನಿಂತರು. ಮೋಡ ಸರಿಯಿತು. ಸಂಗೀತ ಬಂತು.

ಅಲ್ಲಿಯ ತನಕ ಯಾರೂ ಯಾರ ಮನೆಯ ವಿಷಯದಿಂದಲೂ ತಾವಾಗಿ ಹೊರಗೆ ಹೋಗದ ಆ ಕಟ್ಟಡದಲ್ಲಿ ಅವತ್ತು ಮೊದಲ ಸಲ ಒಂದು ಮರ್ಯಾದೆಯ ಕೆಲಸ ನಡೆಯಿತು. ಕಂಡಕ್ಟರ್ ಮಾವ ಮಿಕ್ಕಿಬ್ಬರಿಗೆ ಬಾಗಿಲ ಕಡೆ ಸನ್ನೆ ಮಾಡಿದರು. ಗಂಡ ಹೆಂಡತಿ ಮಾತಾಡಿಕೊಳ್ಳಲಿ ಎಂದು ಮೂವರೂ ತುದಿಗಾಲಲ್ಲಿ ಹೊರಗೆ ಹೋಗಿ, ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡರು.

ಈಗ ಅವನೊಬ್ಬನೇ. ನಾಚಿ ಒಳಗೆ ಸೇರಿಕೊಂಡಿದ್ದ ಎರಡು ಪದಗಳು ಒಂದೊಂದಾಗಿ ಹೊರಗೆ ಇಣುಕಿದವು. ಆದರೆ ಅವಳೇ ಮೊದಲು ಮಾತಾಡಿದಳು.

"ಇವತ್ತು ನೀವು ಒಂದು ಚೂರೂ ತಡ ಮಾಡ್ಲಿಲ್ಲ."

"ಇಲ್ಲ," ಎಂದ ಹೆಮ್ಮೆಯಿಂದ.

"ಸರಿಯಾಗಿ ಮೂರಕ್ಕೆ ಹಾರಿದ್ರಿ."

"ಹ್ಞೂಂ."

"ನಾನೊಂದು ಅಂದ್ಕೊಂಡಿದ್ದೆ. ಹೇಳಿದ್ರೆ ನಗ್ತೀರಿ." ಅವಳೇ ಸ್ವಲ್ಪ ನಕ್ಕಳು. "ನೀವು ಬೇಕೂಂತಲೇ ತಡ ಮಾಡ್ತಿದ್ದೀರಿ ಅಂತ. ಆಟ ಮುಗಿದ್ರೆ ಭಾನುವಾರಾನೂ ಮುಗಿಯುತ್ತೆ ಅಂತ. ಪ್ರತಿ ಸಲ ಲ್ಯಾಗು ಲ್ಯಾಗು ಅಂತಿದ್ರಲ್ಲ, ನನಗೆ ನಗು ಬರೋದು. ಬೇರೆ ಗಂಡಸರು ಎಂತೆಂಥಾ ಸುಳ್ಳು ಹೇಳ್ತಾರೆ, ಇವರಿಗೆ ಇದೊಂದು ಬಿಟ್ಟು ಬೇರೆ ಬರಲ್ಲ ಅಂತ. ಅಕ್ಕನಿಗೂ ಹೇಳಿದ್ದೆ. ತಡ ಮಾಡೋದ್ರಲ್ಲೂ ಇಷ್ಟು ಪ್ರೀತಿ ಇರುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ ಕಣೇ ಅಂತ."

ಅವಳು ಹೇಳಿದ್ದು ಇನ್ನೂ ಅವನೊಳಗೆ ಮೆಟ್ಟಿಲು ಹತ್ತುತ್ತಿತ್ತು.

"ಆಫೀಸಲ್ಲಿ ಕೇಳಿದ್ದಾರೆ, ಇಲ್ಲೇ ಇರ್ತೀರೋ ಹಳೇ ಸ್ಟೇಷನ್ನಿಗೆ ವಾಪಸ್ ಹೋಗ್ತೀರೋ ಅಂತ. ನಾಳೆ ಹೇಳ್ಬೇಕು. ಬಂದುಬಿಡೋಣ ಅಂತಲೇ ಇದ್ದೆ. ಅದನ್ನೇ ಆಗ ಹೇ‍ಳೋಕೆ ಹೊರಟಿದ್ದು." ನಿಂತಳು. ಮತ್ತೆ ನಿಲ್ದಾಣದ ಸ್ವರದಲ್ಲಿ, ಒಂದೊಂದು ಪದವನ್ನೂ ಬೇರೆ ಬೇರೆಯಾಗಿ ಹೇಳಿದಳು. "ಆದ್ರೆ ಇವತ್ತು ನೀವೇ ಮುಗಿಸಿದ್ರಿ. ಇವತ್ತೇ ಆಗ್ಬೇಕು ಅಂದ್ರಿ. ಅಂದ್ರೆ ಇಷ್ಟು ದಿನಾನೂ ಬೇಕಾದ್ರೆ ಹಾರ್ಬಹುದಿತ್ತು, ಈಗ ಸಾಕು ಅನ್ನಿಸಿದೆ. ನನಗೆ ಅರ್ಥ ಆಯ್ತು. ಬೇಜಾರಿಲ್ಲ. ಅಲ್ಲ ಅನ್ನೋದಾದ್ರೆ ಈಗಲೇ ಹೇಳಿ."

ಅವನು ಬಾಯಿ ತೆರೆದ. ಲ್ಯಾಗ್ ನಿಜವಾಗಿಯೂ ಇತ್ತು ಎಂದರೆ, ಇಷ್ಟು ದಿನ ಅವಳನ್ನು ಹಿಡಿದಿಟ್ಟದ್ದು ಅವನಲ್ಲ, ಕಟ್ಟಡದವರ ಸೀರಿಯಲ್ಲು ಎಂದಾಗುತ್ತದೆ. ಹೌದು, ಬೇಕೆಂದೇ ತಡ ಮಾಡಿದೆ ಎಂದರೆ, ಇವತ್ತು ಯಾಕೆ ಮಾಡಲಿಲ್ಲ? ಎರಡು ಕಣ್ಣಿಗೂ ತಪ್ಪು ಗಾಜು. ಅವನು ಎರಡನ್ನೂ ಕೆಳಗಿಟ್ಟ. ಅವನ ಮಟ್ಟಿಗೆ ಅದು ಮಿಂಚಿನ ವೇಗ.

"ಮನೆಗೆ ಬಾ," ಎಂದ.

ಅದೇ ಹೊತ್ತಿಗೆ ಕೆಳಗೆ ಕಂಡಕ್ಟರ್ ಮಾವ, ಕೊನೆಯ ಸ್ಟಾಪು ಮುಟ್ಟಿಸಿದ ಸಂತೋಷದಲ್ಲಿ, "ಹತ್ತಿ ಹತ್ತಿ, ಎಲ್ಲರೂ ಹತ್ತಿ" ಎಂದು ಮೆಟ್ಟಿಲ ಬಳಿ ಕೂಗಿದರು. ಪಾರ್ಲರ್ ಅಕ್ಕ ಸೊಸೆಯನ್ನು ನೋಡಲು ಓಡಿದರು. ವ್ಯಾಯಾಮದ ಮೇಷ್ಟರಿಗೆ ಮೊಣಕೈ ಮೇಲೆ ಬಿಟ್ಟು ಬಂದ ಹೆಂಗಸರು ನೆನಪಾದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಅಷ್ಟು ಹೊತ್ತು ಉಪವಾಸ ಇದ್ದ ಇಡೀ ಕಟ್ಟಡ ಒಮ್ಮೆಗೇ ಲೈನಿನ ಮೇಲೆ ಬಿತ್ತು.

ಪರದೆಯ ನಡುವೆ ಒಂದು ಬಿಳಿಯ ಚಕ್ರ ತಿರುಗತೊಡಗಿತು.

"ಹಲೋ?" ಎಂದಳು ಅವಳು. ಸ್ವರ ತುಂಡು ತುಂಡಾಗಿತ್ತು. "ಇದ್ದೀ... ರಾ?"

"ಇದ್ದೀನಿ. ಮನೆಗೆ ಬಾ ಅಂದೆ."

ಚಕ್ರ ತಿರುಗಿತು.

"...ಹೇಳೋಕೆ ಏನೂ ಇಲ್ಲ ಅಂದ್ರೆ..." ಅರ್ಧ ಮಾತು ಎಲ್ಲೋ ಉಳಿಯಿತು. "...ಹ್ಞೂಂ ಅಂತನಾದ್ರೂ..."

"ಹ್ಞೂಂ," ಎಂದ. "ಹ್ಞೂಂ. ಹ್ಞೂಂ."

ಅವನು ಕೈಗೇಮನ್ನು ಕಿಟಕಿಗೆ ಹಿಡಿದ, ಚಾವಣಿಗೆ ಹಿಡಿದ, ಬಾಗಿಲ ಸಂದಿಗೆ ಹಿಡಿದ. ಟ್ಯಾಬ್ಲೆಟ್ ತೆರೆದ, ಅದರಲ್ಲೂ ಅದೇ ಚಕ್ರ, ಸ್ವಲ್ಪ ದೊಡ್ಡದಾಗಿ. ಫೋನ್ ಮಾಡಿದ. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು.

ಪರದೆಯಲ್ಲಿ ಶಿಖರದ ಮೇಲೆ ಕೆಂಪು ಟೋಪಿಯವಳು ಇನ್ನೂ ನಿಂತಿದ್ದಳು. ಮೋಡ ಅಲುಗುತ್ತಿರಲಿಲ್ಲ, ಟೋಪಿಯೂ ಅಲುಗುತ್ತಿರಲಿಲ್ಲ. ಅವಳು ಈಗಲೂ ಅಲ್ಲಿ ಕಾಯುತ್ತಿದ್ದಾಳೋ, ಅಥವಾ ಆಗಲೇ ಹೋಗಿ ಅವಳ ಚಿತ್ರ ಮಾತ್ರ ಹೊರಡಲು ತಡ ಮಾಡುತ್ತಿದೆಯೋ, ನೋಡಿದರೆ ತಿಳಿಯುವಂತಿರಲಿಲ್ಲ.

ಅವನು ಕೈಗೇಮನ್ನು ಕೂಸಿನ ಹಾಗೆ ಎದೆಗೆ ಹಿಡಿದುಕೊಂಡು ಮೆಟ್ಟಿಲ ತನಕ ಓಡಿದ. ಮೇಲಿನ ಬಾಗಿಲಿನ ಹಿಂದೆ ಯಾರಿಗೋ ಕಾಲು ಎತ್ತಲು ಹೇಳುತ್ತಿದ್ದರು. ಎದುರಿನ ಬಾಗಿಲಿನ ಹಿಂದೆ ಸೊಸೆ, ಎಲ್ಲವೂ ನೆನಪಾಗಿ, ಜೋರಾಗಿ ಅಳುತ್ತಿದ್ದಳು. ಕೆಳಗಿನಿಂದ ಹಳೆಯ ಹಾಡೊಂದು ಕೇಳುತ್ತಿತ್ತು, ಮಾವ ಜೊತೆಗೆ ಗುನುಗುತ್ತಿದ್ದರು. ಅವನು ಕಂಬಿ ಹಿಡಿದು ಬಗ್ಗಿದ.

"ಎರಡೇ ನಿಮಿಷ," ಎಂದ. "ಎಲ್ಲರೂ ಸ್ವಲ್ಪ ಆರಿಸ್ತೀರಾ."